ಮೇಕೆಯ ಜಂತಿಗೆ ಕುಡಿಸುವ ಸೊಪ್ಪು, ತಿನ್ನಿಸುವ ಸೊಪ್ಪು

ಮಳೆ ಹಿಡಿದು ತಿಂಗಳಾಯಿತೆಂದರೆ ನನ್ನ ಫೋನಿಗೆ ಒಂದೇ ಥರದ ಸಂದೇಶಗಳು ಶುರುವಾಗುತ್ತವೆ. "ಅಕ್ಕಾ, ಮೇಕೆಗೆ ಜಂತು ಆಗೈತೆ, ಏನಾದ್ರೂ ಸೊಪ್ಪಿನ ಔಷಧಿ ಇದ್ರೆ ಹೇಳಿ." ಜೊತೆಗೊಂದು ಫೋಟೊ. ಬಾಲದ ಸುತ್ತ ಬೇದಿ ಮೆತ್ತಿಕೊಂಡ ಮರಿ, ಇಲ್ಲವೇ ಹಿಕ್ಕೆಯ ನಡುವೆ ಬಿದ್ದ ಬಿಳಿ ಚೂರು. ನಾನು ಪಶುವೈದ್ಯೆ ಅಲ್ಲ. ತುಮಕೂರಿನಲ್ಲಿ ಸಸ್ಯಶಾಸ್ತ್ರ ಓದಿ, ಶಿರಾ ಸೀಮೆಯ ಹಳ್ಳಿಯೊಂದಕ್ಕೆ ಸೊಸೆಯಾಗಿ ಬಂದವಳು. ಮನೆಯ ಮೇಕೆ ಮಂದೆ ನನ್ನ ಮತ್ತು ಅತ್ತೆಯ ಪಾಲಿನ ಕೆಲಸ. ಆಗಾಗ ಗಿಡಮೂಲಿಕೆ ಬಗ್ಗೆ ಇಲ್ಲಿ ಬರೆಯುತ್ತೇನೆಂದು ಜನ ನನ್ನನ್ನು ಅರ್ಧ ಡಾಕ್ಟರ್ ಮಾಡಿಬಿಟ್ಟಿದ್ದಾರೆ.

ಕೇಳಿದವರಿಗೆ ನಾನು ತಿರುಗಿ ಕೇಳುತ್ತೇನೆ: ಯಾವ ಹುಳ? ಕಣ್ಣಿನ ರೆಪ್ಪೆ ಒಳಗೆ ಯಾವ ಬಣ್ಣ? ಎಲ್ಲಿ ಮೇಯಿಸುತ್ತೀರಿ, ಎಷ್ಟು ಹೊತ್ತಿಗೆ ಬಿಡುತ್ತೀರಿ? ಒಬ್ಬ ಹುಡುಗ ಬೇಸತ್ತು, "ಔಷಧಿ ಕೇಳಿದ್ರೆ ಪ್ರಶ್ನೆಪತ್ರಿಕೆ ಕೊಡ್ತೀರಲ್ಲಕ್ಕ" ಅಂದ. ಅವನು ಹೇಳಿದ್ದೂ ಸರಿಯೇ. ಆದ್ದರಿಂದ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಉದ್ದವಾಗುತ್ತದೆ, ತಾಳ್ಮೆ ಇದ್ದವರು ಓದಿ.

ಜನ ಹೆದರುವುದು ಕಣ್ಣಿಗೆ ಕಾಣುವ ಹುಳಕ್ಕೆ. ಹಿಕ್ಕೆಯಲ್ಲಿ ಅನ್ನದ ಅಗುಳಿನಂಥ ಬಿಳಿ ತುಣುಕು ಕಂಡರೆ ಅದು ಲಾಡಿಹುಳದ ಕಳಚಿಬಿದ್ದ ಗಿಣ್ಣು. ಈ ಹುಳ ಕರುಳಲ್ಲಿ ಮೀಟರುಗಟ್ಟಲೆ ಬೆಳೆಯುತ್ತದೆ. ಹುಲ್ಲಿನ ಬುಡದಲ್ಲಿರುವ ಒಂದು ಜಾತಿಯ ಸಣ್ಣ ನುಸಿಯನ್ನು ಮರಿ ಹುಲ್ಲಿನ ಜೊತೆ ನುಂಗಿದಾಗ ಒಳಗೆ ಹೋಗುತ್ತದೆ. ನೋಡಲು ಅಸಹ್ಯ, ಹೊಟ್ಟೆ ಡುಬ್ಬವಾಗಿ ಮರಿ ಸೊರಗುವುದೂ ಉಂಟು. ಆದರೆ ದೊಡ್ಡ ಮೇಕೆಗೆ ಅದರಿಂದ ಅಂಥ ಕೇಡೇನಿಲ್ಲ.

ಕೊಲ್ಲುವ ಹುಳ ಬೇರೆ. ಅದನ್ನು ನಾನು ಮೊದಲು ನೋಡಿದ್ದು ಪುಸ್ತಕದಲ್ಲಲ್ಲ, ಮಾರಿಹಬ್ಬದಲ್ಲಿ ಬೋಟಿ ತೊಳೆಯುವಾಗ. ಮೇಕೆಯ ಹೊಟ್ಟೆಯಲ್ಲಿ ನಾಲ್ಕು ಭಾಗ. ಮೊದಲಿನದು ಮೇವು ನೆನೆಯುವ ದೊಡ್ಡ ಚೀಲ, ನಾಲ್ಕನೆಯದು ನಮ್ಮ ಜಠರದಂತೆ ಹುಳಿರಸ ಸುರಿಸುವಂಥದ್ದು. ಅತ್ತೆ ಆ ನಾಲ್ಕನೆಯದನ್ನು ಸೀಳಿ ಒಳಮೈ ತಿರುವಿದರು. ಎರಡು ಮೂರು ಸೆಂಟಿಮೀಟರ್ ಉದ್ದದ, ಕೂದಲಿಗಿಂತ ತುಸು ದಪ್ಪನೆಯ ಹುಳಗಳು ಪೊರೆಗೆ ಅಂಟಿಕೊಂಡು ಮಿಸುಕುತ್ತಿದ್ದವು. ಹತ್ತಿರದಿಂದ ನೋಡಿದರೆ ಕೆಂಪು, ಬಿಳಿ ಎರಡೆಳೆ ಹೊಸೆದ ಹಾಗೆ. ಕೆಂಪು ಅದು ಕುಡಿದ ರಕ್ತ, ಬಿಳಿ ಅದರ ಮೊಟ್ಟೆಚೀಲ. "ನೋಡವ್ವ, ಇವೇ ರಕ್ತ ಕುಡಿಯಾವು" ಅಂದರು ಅತ್ತೆ. ವಿಜ್ಞಾನದಲ್ಲಿ ಇದರ ಹೆಸರು ಹೀಮಾಂಕಸ್.

ಇದರ ಲೆಕ್ಕ ಕೇಳಿದರೆ ಗಾಬರಿಯಾಗುತ್ತದೆ. ಒಂದು ಹುಳ ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಹೀರುತ್ತದೆ. ಸಾವಿರ ಹುಳವಿದ್ದರೆ ದಿನಕ್ಕೆ 50 ಮಿಲಿಲೀಟರ್. 25 ಕೆ.ಜಿ. ತೂಗುವ ಮೇಕೆಯ ಮೈಯಲ್ಲಿರುವ ಒಟ್ಟು ರಕ್ತ ಒಂದೂಮುಕ್ಕಾಲು ಲೀಟರಿನ ಆಸುಪಾಸು. ಎಷ್ಟು ದಿನ ತಡೆದೀತು? ಹೆಣ್ಣುಹುಳ ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುತ್ತದೆ. ಅವು ಹಿಕ್ಕೆಯ ಜೊತೆ ನೆಲಕ್ಕೆ ಬಿದ್ದು, ಬೆಚ್ಚಗೆ ತೇವವಾಗಿದ್ದರೆ ವಾರದೊಳಗೆ ಮರಿಹುಳವಾಗಿ ಹುಲ್ಲಿನೆಸಳಿನ ಇಬ್ಬನಿಯಲ್ಲಿ ಮೇಲೆ ಹತ್ತುತ್ತವೆ. ಮೇಕೆ ಆ ಹುಲ್ಲು ತಿಂದ ಮೂರು ವಾರಕ್ಕೆ ಹೊಸ ಹುಳ ಮೊಟ್ಟೆ ಇಡಲು ತಯಾರು.

ಈ ಹುಳದ ಇನ್ನೊಂದು ಮೋಸವೆಂದರೆ, ಇದೊಂದೇ ಇದ್ದಾಗ ಸಾಮಾನ್ಯವಾಗಿ ಬೇದಿ ಇರುವುದಿಲ್ಲ. ಹಿಕ್ಕೆ ಗಟ್ಟಿಯಾಗೇ ಇರುತ್ತದೆ. ಮೇಕೆ ಮಂದೆಯ ಹಿಂದೆ ಬೀಳುತ್ತದೆ, ಕೂದಲು ಒರಟಾಗುತ್ತದೆ, ದವಡೆಯ ಕೆಳಗೆ ನೀರು ತುಂಬಿ ಜೋಲುತ್ತದೆ. ಜನ ಅದನ್ನು ಗಂಟಲುಬಾವು ಅಂದುಕೊಂಡು ಬರೆ ಹಾಕಿಸಿದ್ದನ್ನು ನೋಡಿದ್ದೇನೆ. ಅದು ಬಾವಲ್ಲ. ರಕ್ತದ ಜೊತೆ ಪ್ರೋಟೀನೂ ಸೋರಿಹೋಗಿ ನೀರು ರಕ್ತನಾಳದಲ್ಲಿ ನಿಲ್ಲದೆ ಹೊರಬಂದು, ತಲೆ ತಗ್ಗಿಸಿ ಮೇಯುವ ಪ್ರಾಣಿಯಲ್ಲಿ ಅಲ್ಲಿ ಇಳಿಯುತ್ತದೆ ಅಷ್ಟೆ.

ಆದ್ದರಿಂದ ಹಿಕ್ಕೆ ನೋಡುವುದಕ್ಕಿಂತ ಮೊದಲು ಕಣ್ಣು ನೋಡಬೇಕು. ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದು ಒಳಪೊರೆ ನೋಡಿ, ಬಿಸಿಲ ಬೆಳಕಿನಲ್ಲಿ. ಕೆಂಪಾಗಿದ್ದರೆ ಚೆನ್ನ, ತೆಳು ಗುಲಾಬಿಯಾದರೆ ಎಚ್ಚರ, ಕಾಗದದಂತೆ ಬಿಳಿಯಾದರೆ ಆ ಮೇಕೆಗೆ ಸಮಯವಿಲ್ಲ. ದಕ್ಷಿಣ ಆಫ್ರಿಕಾದಲ್ಲಿ 1990ರ ದಶಕದಲ್ಲಿ ಇದಕ್ಕಾಗಿಯೇ ಐದು ಬಣ್ಣದ ಕಾರ್ಡ್ ಮಾಡಿದರು. ಫಾಫಾ ಮಲಾನ್ ಎಂಬ ಪಶುವೈದ್ಯರ ಹೆಸರಿನಿಂದ ಅದಕ್ಕೆ ಫಮಾಚಾ ಅನ್ನುತ್ತಾರೆ. ಒಂದು, ಎರಡನೆ ಬಣ್ಣಕ್ಕೆ ಔಷಧಿ ಬೇಡ, ನಾಲ್ಕು, ಐದಕ್ಕೆ ಬೇಕೇಬೇಕು, ಮೂರಕ್ಕೆ ಪ್ರಾಣಿಯ ಸ್ಥಿತಿ ನೋಡಿ. ನಾನು ಈ ಕಾರ್ಡಿನ ಬಗ್ಗೆ ಓದಿ ಬಹಳ ಉತ್ಸಾಹದಿಂದ ಅತ್ತೆಗೆ ವಿವರಿಸಿದೆ. ಸಂತೆಯಲ್ಲಿ ಮೇಕೆ ಕೊಳ್ಳುವಾಗ ಹಲ್ಲು ನೋಡುವ ಮೊದಲು ರೆಪ್ಪೆ ಎಳೆದು ನೋಡುವುದು ಅವರ ತಾಯಿಯ ಕಾಲದಿಂದ ಬಂದ ರೂಢಿಯಂತೆ. "ಅದಕ್ಕೂ ಕಾರ್ಡ್ ಬೇಕಾ?" ಅಂದರು. ಬೇಕು ಅಂತಲೇ ನನ್ನ ವಾದ, ಯಾಕೆಂದರೆ ಗುಲಾಬಿಗೂ ತೆಳು ಗುಲಾಬಿಗೂ ನಡುವಿನ ವ್ಯತ್ಯಾಸ ಅವರ ಕಣ್ಣಿಗೆ ಗೊತ್ತು, ನನ್ನ ಕಣ್ಣಿಗೆ ಗೊತ್ತಿಲ್ಲ.

ಈಗ ಸೊಪ್ಪಿಗೆ ಬರೋಣ.

ನಮ್ಮ ಮನೆಯಲ್ಲಿ ಜಂತಿಗೆ ಮೊದಲ ಮದ್ದು ಮುತ್ತುಗದ ಬೀಜ. ಶಿವರಾತ್ರಿ ಆಜುಬಾಜಿನಲ್ಲಿ ಮುತ್ತುಗ ಹೂ ಬಿಟ್ಟು, ಬೇಸಿಗೆ ಮುಗಿಯುವಷ್ಟರಲ್ಲಿ ಚಪ್ಪಟೆ ಕಾಯಿ ಒಣಗಿ ಉದುರುತ್ತದೆ. ಒಂದು ಕಾಯಿಗೆ ತುದಿಯಲ್ಲಿ ಒಂದೇ ಬೀಜ. ಅತ್ತೆ ಅದನ್ನು ಆರಿಸಿ ತಂದು, ನೆನೆಹಾಕಿ, ಸಿಪ್ಪೆ ತೆಗೆದು, ಒಣಗಿಸಿ ಪುಡಿ ಮಾಡಿ ಬೆಲ್ಲದ ಜೊತೆ ಉಂಡೆ ಕಟ್ಟುತ್ತಾರೆ. ಈ ಬೀಜದಲ್ಲಿರುವ ಪಾಲಸೋನಿನ್ ಎಂಬ ವಸ್ತು ಹುಳಕ್ಕೆ ವಿಷವೆಂದು ಪ್ರಯೋಗಗಳಲ್ಲಿ ಕಂಡಿದೆ. ಅತ್ತೆಗೆ ಆ ಹೆಸರು ಬೇಕಿಲ್ಲ, ಬೀಜ ಹಳೆಯದಾದರೆ ಕೆಲಸ ಮಾಡುವುದಿಲ್ಲ ಅನ್ನುವುದು ಮಾತ್ರ ಅವರ ಖಡಾಖಂಡಿತ ಮಾತು. ಪ್ರತಿ ವರ್ಷ ಹಳೇ ಡಬ್ಬಿ ತಿಪ್ಪೆಗೆ ಸುರಿದು ಹೊಸದು ತುಂಬುತ್ತಾರೆ.

ಎರಡನೆಯದು ವಾಯುವಿಳಂಗ. ಇದು ನಮ್ಮ ಬಯಲು ಸೀಮೆಯದಲ್ಲ, ಮಲೆನಾಡಿನ ಬಳ್ಳಿ. ಗ್ರಂದಿಗೆ ಅಂಗಡಿಯಲ್ಲಿ ಕಾಳುಮೆಣಸಿನ ಗಾತ್ರದ ಒಣ ಕಾಳಾಗಿ ಸಿಗುತ್ತದೆ. ಆಯುರ್ವೇದದವರು ಹುಳ ಕೊಲ್ಲುವ ಮದ್ದುಗಳಲ್ಲಿ ಇದಕ್ಕೆ ಮೊದಲ ಮಣೆ ಹಾಕುತ್ತಾರೆ. ಇದರಲ್ಲಿರುವ ಕಿತ್ತಳೆ ಬಣ್ಣದ ಎಂಬೆಲಿನ್ ಅನ್ನುವ ವಸ್ತು ಲಾಡಿಹುಳಕ್ಕೆ ಆಗದು. ತೊಂದರೆ ಏನೆಂದರೆ ಕಾಡಿನಲ್ಲಿ ಈ ಬಳ್ಳಿ ಕಡಿಮೆಯಾಗಿದೆ, ಬೇಡಿಕೆ ಕಡಿಮೆಯಾಗಿಲ್ಲ. ಹಾಗಾಗಿ ಅದೇ ರೂಪದ ಬೇರೆ ಗಿಡಗಳ ಕಾಳು ಅದೇ ಹೆಸರಲ್ಲಿ ಮಾರಾಟವಾಗುತ್ತದೆ. ಸಸ್ಯಶಾಸ್ತ್ರ ಓದಿದವಳಾಗಿಯೂ ಒಣಗಿದ ಕಾಳನ್ನು ಕೈಯಲ್ಲಿ ಹಿಡಿದು ಇದು ಅದೇ ಅಂತ ಹೇಳುವ ಧೈರ್ಯ ನನಗಿಲ್ಲ. ಅಂಗಡಿಯವರು ಹೇಗೆ ಹೇಳುತ್ತಾರೋ!

ಸಿಹಿಗುಂಬಳದ ಬೀಜ, ಪರಂಗಿ ಬೀಜ, ಬೇವಿನ ಸೊಪ್ಪಿನ ರಸ, ಬೆಳ್ಳುಳ್ಳಿ, ಹಾಗಲಕಾಯಿ, ತುಂಬೆ. ಇವೆಲ್ಲ ಎಲ್ಲರಿಗೂ ಗೊತ್ತಿರುವಂಥವು. ಇವುಗಳಲ್ಲಿ ಹಲವನ್ನು ಕೂಡಿಸಿ ಈರುಳ್ಳಿ, ಸಾಸಿವೆ, ಜೀರಿಗೆ, ಮೆಣಸು, ಅರಿಶಿನ, ಬಾಳೆದಿಂಡು, ಬೆಲ್ಲ ಹಾಕಿ ಅರೆದು ಉಂಡೆ ಮಾಡಿ ಉಪ್ಪಿನಲ್ಲಿ ಹೊರಳಿಸಿ ತಿನ್ನಿಸುವ ಒಂದು ಕ್ರಮವನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯವರು ಹಸುಗಳಿಗಾಗಿ ಪ್ರಚಾರ ಮಾಡುತ್ತಿದ್ದಾರೆ. ಅದನ್ನೇ ಕಡಿಮೆ ಮಾಡಿ ನಾವು ಮೇಕೆಗೂ ಕೊಟ್ಟಿದ್ದೇವೆ. ಮೇವು ಬಿಟ್ಟ ಮೇಕೆ ಮತ್ತೆ ಬಾಯಾಡಿಸಲು ಶುರುಮಾಡುತ್ತದೆ, ಅದಂತೂ ಕಣ್ಣಾರೆ ಕಂಡ ಮಾತು. ಮೆಣಸು ಜೀರಿಗೆ ಬಿದ್ದ ಮೇಲೆ ಯಾರಿಗೆ ಹಸಿವಾಗುವುದಿಲ್ಲ?

ಕೈ ಹಾಕಬಾರದ ಎರಡು ಮದ್ದುಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದು ಹೊಗೆಸೊಪ್ಪಿನ ನೀರು. ಕುರಿ ಕಾಯುವ ಹಿರಿಯರು ಇದನ್ನು ಬಹಳ ನಂಬುತ್ತಿದ್ದರು, ನಂಬಲು ಕಾರಣವೂ ಇತ್ತು. ಹೊಗೆಸೊಪ್ಪಿನ ನಿಕೋಟಿನ್ ಹುಳದ ನರಗಳ ಯಾವ ಜಾಗಕ್ಕೆ ಹೋಗಿ ಹಿಡಿಯುತ್ತದೋ, ಇವತ್ತು ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಲೆವಮಿಸೋಲ್ ಔಷಧಿಯೂ ಹೆಚ್ಚುಕಡಿಮೆ ಅಲ್ಲೇ ಹಿಡಿಯುವುದು. ಹುಳ ಸೆಟೆದು ಹಿಡಿತ ಬಿಡುತ್ತದೆ. ಅಂದರೆ ಅಜ್ಜಂದಿರು ಮೂಢರಲ್ಲ. ಆದರೆ ನಿಕೋಟಿನ್ನಿನಲ್ಲಿ ಹುಳ ಸಾಯುವ ಪ್ರಮಾಣಕ್ಕೂ ಮೇಕೆ ಸಾಯುವ ಪ್ರಮಾಣಕ್ಕೂ ನಡುವೆ ಅಂತರ ತೀರಾ ಕಡಿಮೆ, ಒಂದು ಎಲೆಯಲ್ಲಿರುವಷ್ಟು ಸತ್ವ ಇನ್ನೊಂದರಲ್ಲಿರುವುದಿಲ್ಲ. ಇನ್ನೊಂದು ಅಡಿಕೆ. ಇದರ ಅರೆಕೋಲಿನ್ನನ್ನು ನಾಯಿಗಳ ಲಾಡಿಹುಳಕ್ಕೆ ಪಶುವೈದ್ಯರೇ ಒಂದು ಕಾಲದಲ್ಲಿ ಬಳಸುತ್ತಿದ್ದರು, ಆಮೇಲೆ ಸುರಕ್ಷಿತವಾದದ್ದು ಬಂದ ಕೂಡಲೇ ಬಿಟ್ಟರು. ಜೊಲ್ಲು ಸುರಿದು, ಹೊಟ್ಟೆ ಹಿಂಡಿ ಬೇದಿಯಾಗಿ ಪ್ರಾಣಿ ಕುಸಿಯುತ್ತದೆ. ಮೈಲುತುತ್ತಿನ ನೀರು ಸೊಪ್ಪಿನ ಲೆಕ್ಕಕ್ಕೆ ಬರುವುದಿಲ್ಲ, ಆದರೂ ಹೇಳುತ್ತೇನೆ, ಬೇಡ. ಅದರಲ್ಲೂ ಮಂದೆಯಲ್ಲಿ ಕುರಿಯೂ ಇದ್ದರೆ ಖಂಡಿತ ಬೇಡ, ಅದರಲ್ಲಿರುವ ತಾಮ್ರ ಕುರಿಯ ಯಕೃತ್ತಿನಲ್ಲಿ ಸೇರಿಕೊಂಡು ಕೊಲ್ಲುತ್ತದೆ.

ಗಬ್ಬದ ಮೇಕೆಗೆ ಪರಂಗಿ ಬೀಜ, ವಾಯುವಿಳಂಗ, ಮುತ್ತುಗದ ಬೀಜ ಯಾವುದನ್ನೂ ಮುಟ್ಟಿಸಬೇಡಿ. ಪರಂಗಿ ಗರ್ಭಕ್ಕೆ ಆಗದೆಂದು ಪ್ರತಿ ಮನೆಯ ಅಜ್ಜಿಗೂ ಗೊತ್ತು. ಮಿಕ್ಕೆರಡಕ್ಕೂ ಬಸಿರು ತಡೆಯುವ ಗುಣವಿದೆಯೆಂದು ಹಳೆಯ ವೈದ್ಯವೂ ಹೇಳುತ್ತದೆ, ಇಲಿಗಳ ಮೇಲಿನ ಪ್ರಯೋಗಗಳೂ ಹೇಳಿವೆ. ಸೊಪ್ಪಿನ ಔಷಧಿ ಅಂದಮೇಲೆ ಅಡ್ಡಪರಿಣಾಮ ಇಲ್ಲ ಅನ್ನುವವರಿಗೆ ನಾನು ಕೊಡುವ ಉತ್ತರ ಎಕ್ಕದ ಗಿಡ.

ಹಾಗಾದರೆ ಇವು ಕೆಲಸ ಮಾಡುತ್ತವೋ ಇಲ್ಲವೋ? ಇದು ಊರಿನ ಕಟ್ಟೆಯ ಮೇಲೆ ತೀರ್ಮಾನವಾಗುವ ಸಂಗತಿಯಲ್ಲ. ಯಾಕೆಂದರೆ ಹುಳ ತಾನಾಗಿಯೂ ಕಡಿಮೆಯಾಗುತ್ತದೆ, ಮೇವು ಸುಧಾರಿಸಿದರೂ ಮೇಕೆ ಚೇತರಿಸಿಕೊಳ್ಳುತ್ತದೆ. ಉಂಡೆ ತಿನ್ನಿಸಿದ ಮಾರನೆ ದಿನ ಲಾಡಿಹುಳದ ತುಣುಕು ಬಿದ್ದರೆ "ನೋಡು, ಹುಳ ಬಿತ್ತು" ಅನ್ನುತ್ತೇವೆ, ಆ ತುಣುಕು ಉಂಡೆ ತಿನ್ನದಿದ್ದರೂ ಬೀಳುತ್ತಿತ್ತು. ತಿಳಿಯುವ ದಾರಿ ಒಂದೇ: ಹಿಕ್ಕೆಯಲ್ಲಿ ಮೊಟ್ಟೆ ಎಣಿಸುವುದು. ಹಿಕ್ಕೆಯನ್ನು ಗಾಢವಾದ ಉಪ್ಪುನೀರಿನಲ್ಲಿ ಕದಡಿದರೆ ಮೊಟ್ಟೆಗಳು ತೇಲಿ ಮೇಲೆ ಬರುತ್ತವೆ. ಅದನ್ನು ಗೆರೆ ಕೊರೆದ ಗಾಜಿನ ಚೌಕದಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ಎಣಿಸಿ ಗ್ರಾಂಗೆ ಇಷ್ಟು ಅಂತ ಹೇಳುತ್ತಾರೆ. ಔಷಧಿ ಕೊಡುವ ದಿನ ಒಮ್ಮೆ, ಹತ್ತರಿಂದ ಹದಿನಾಲ್ಕು ದಿನ ಬಿಟ್ಟು ಇನ್ನೊಮ್ಮೆ. ಔಷಧಿ ಕೊಡದ ಒಂದಷ್ಟು ಮೇಕೆಗಳದ್ದೂ ಜೊತೆಗಿರಬೇಕು, ಹೋಲಿಸಲು.

ನಮ್ಮ ಮಂದೆಯಲ್ಲಿ ಹೀಗೆ ಎಣಿಸಿ ನೋಡಿದಾಗ ಬೇವಿನ ರಸ ಕುಡಿದವಕ್ಕೂ ಕುಡಿಯದವಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮುತ್ತುಗದ ಉಂಡೆ ತಿಂದವುಗಳಲ್ಲಿ ಸ್ವಲ್ಪ ಇಳಿದಿತ್ತು, ಆದರೆ ಕಣ್ಣು ಬಿಳಿಚಿದ ಮೇಕೆಯನ್ನು ಉಳಿಸುವಷ್ಟಲ್ಲ. ಅತ್ತೆ ಆ ಎಣಿಕೆಯ ಕಾಗದ ನೋಡಿ ಏನೂ ಹೇಳಲಿಲ್ಲ, ಸಂಜೆ ಮಾತ್ರ "ಬೀಜ ನೀನು ಆರಿಸಿ ತಂದಿದ್ದಲ್ವಾ" ಅಂದರು.

ನಮ್ಮದು ಸಣ್ಣ ಮಂದೆಯ ಮಾತು, ಬಿಡಿ. 2009ರಲ್ಲಿ ಅಮೆರಿಕದ ಸಂಶೋಧಕರು ಬೆಳ್ಳುಳ್ಳಿ ಮತ್ತು ಪರಂಗಿಯನ್ನು ಮೇಕೆ, ಕುರಿಮರಿಗಳ ಮೇಲೆ ಸರಿಯಾಗಿ ಪರೀಕ್ಷಿಸಿ, ಹೊಟ್ಟೆಹುಳಗಳ ಮೇಲೆ ಇವುಗಳ ಹಿಡಿತವಿಲ್ಲ ಅಂತ ಪ್ರಕಟಿಸಿದರು. ಹಾಗಿದ್ದರೆ ಪತ್ರಿಕೆಗಳಲ್ಲಿ ಬರುವ "ಬೇವಿನಿಂದ ಜಂತು ನಾಶ" ಸುಳ್ಳೇ? ಪೂರ್ತಿ ಸುಳ್ಳಲ್ಲ. ಗಾಜಿನ ತಟ್ಟೆಯಲ್ಲಿ ಹುಳವಿಟ್ಟು ಬೇವಿನ ಸಾರ ಸುರಿದರೆ ಹುಳ ಸಾಯುತ್ತದೆ, ಮೊಟ್ಟೆ ಒಡೆಯುವುದಿಲ್ಲ. ಪರಂಗಿ ಕಾಯಿಯ ಹಾಲಿನಲ್ಲಿರುವ ಕಿಣ್ವ ಹುಳದ ಚರ್ಮವನ್ನೇ ಜೀರ್ಣ ಮಾಡಿಬಿಡುತ್ತದೆ. ಆದರೆ ಮೇಕೆ ಗಾಜಿನ ತಟ್ಟೆಯಲ್ಲ. ನಾವು ಗೊಟ್ಟದಲ್ಲಿ (ಔಷಧಿ ಕುಡಿಸುವ ಬಿದಿರ ಕೊಳವೆ) ಹೊಯ್ದ ರಸ ಮೊದಲು ಬೀಳುವುದು ಹಲವು ಲೀಟರ್ ಮೇವು ನೀರು ತುಂಬಿದ ದೊಡ್ಡ ಹೊಟ್ಟೆಗೆ. ಅಲ್ಲಿ ತೆಳುವಾಗುತ್ತದೆ, ಅಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ಅದನ್ನು ಒಡೆದುಹಾಕುತ್ತವೆ. ಎರಡನೆ, ಮೂರನೆ ಹೊಟ್ಟೆ ದಾಟಿ, ಹುಳವಿರುವ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಉಳಿಯುವುದೆಷ್ಟು?

ಅದೇ ಅಮೆರಿಕದವರು ಇನ್ನೊಂದು ಗಿಡದಲ್ಲಿ ಒಳ್ಳೆಯ ಫಲ ಕಂಡರು. ಲೆಸ್ಪೆಡೆಝಾ ಎಂಬ ದ್ವಿದಳ ಮೇವು. ಅದನ್ನು ರಸ ತೆಗೆದು ಕುಡಿಸಲಿಲ್ಲ, ಒಣಹುಲ್ಲಾಗಿ ದಿನವೂ ತಿನ್ನಿಸಿದರು. ಹಿಕ್ಕೆಯಲ್ಲಿ ಮೊಟ್ಟೆ ಇಳಿಯಿತು. ಅದರ ಗುಣ ಇರುವುದು ಒಗರಿನಲ್ಲಿ. ಟ್ಯಾನಿನ್ ಅನ್ನುತ್ತೇವಲ್ಲ, ಚರ್ಮ ಹದ ಮಾಡಲು ತಂಗಡಿ ತೊಗಟೆಯಿಂದ ತೆಗೆಯುತ್ತಿದ್ದದ್ದು, ಅದೇ. ಅದರಲ್ಲೂ ಸಾಂದ್ರ ಟ್ಯಾನಿನ್ ಎಂಬ ಬಗೆ. ಮೇಕೆ ನುಂಗಿದ ಮರಿಹುಳ ಹೊಟ್ಟೆಯೊಳಗೆ ತನ್ನ ಹೊರಕವಚ ಕಳಚಿದರೆ ಮಾತ್ರ ಬೆಳೆಯಬಲ್ಲದು, ಈ ಒಗರು ಆ ಕಳಚುವಿಕೆಗೆ ಅಡ್ಡಬರುತ್ತದೆ. ಜೊತೆಗೆ ಮೇವಿನ ಪ್ರೋಟೀನನ್ನು ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳಿಂದ ಕಾಪಾಡಿ ಮುಂದಕ್ಕೆ ದಾಟಿಸುತ್ತದೆ. ಪ್ರೋಟೀನ್ ಚೆನ್ನಾಗಿ ಸಿಕ್ಕ ಮೇಕೆ ಹುಳವನ್ನು ತಾನೇ ತಡೆದುಕೊಳ್ಳುತ್ತದೆ.

ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ ಇದೇ. ಸೊಪ್ಪಿನಿಂದ ಜಂತು ಹತೋಟಿಗೆ ಬರುತ್ತದೆ, ಆದರೆ ಒಂದು ಲೋಟ ರಸವಾಗಿ ವರ್ಷಕ್ಕೆರಡು ಸಲ ಕುಡಿಸಿದರೆ ಅಲ್ಲ, ಮಳೆಗಾಲದುದ್ದಕ್ಕೂ ದಿನವೂ ಮೇವಾಗಿ ತಿನ್ನಿಸಿದರೆ. ಮತ್ತು ಆ ಸೊಪ್ಪು ನೆಲಕ್ಕೆ ತಾಗದಂತೆ ಎತ್ತರದಲ್ಲಿದ್ದರೆ.

ನಮ್ಮ ಶಿರಾ ಕಡೆ ಇದನ್ನು ನೋಡಲು ಪ್ರಯೋಗಾಲಯ ಬೇಕಿಲ್ಲ. ಬೇಸಿಗೆಯಲ್ಲಿ ಹುಲ್ಲಿರುವುದಿಲ್ಲ. ಮೇಕೆಗಳು ಮುಂಗಾಲೆತ್ತಿ ನಿಂತು ಗೊಬ್ಬಳಿ, ಯಲಚಿ, ಕಗ್ಗಲಿ, ಬೇಲಿಯ ಹುಣಸೆ ಚಿಗುರು ಕಿತ್ತು ತಿನ್ನುತ್ತವೆ. ಒಗರು ಮೇವು, ಎತ್ತರದ ಮೇವು, ನೆಲವೋ ಕಾದ ಹಂಚು. ಮರಿಹುಳ ಒಂದೂ ಬದುಕುವುದಿಲ್ಲ. ಮೇಕೆ ಬಡಕಲಾಗಿರುತ್ತದೆ, ಕಣ್ಣು ಕೆಂಪಗಿರುತ್ತದೆ. ಮಳೆ ಬಿದ್ದು ಬದುವಿನಲ್ಲಿ ಗರಿಕೆ ಚಿಗುರಿತೋ, ಎಲ್ಲವೂ ಬಾಯಿ ನೆಲಕ್ಕಿಡುತ್ತವೆ. ಮರಿಹುಳಗಳು ಬಹುಪಾಲು ಇರುವುದು ಹುಲ್ಲಿನ ಬುಡದಿಂದ ಐದು ಸೆಂಟಿಮೀಟರಿನೊಳಗೆ. "ಮೇಕೆ ತಲೆ ಬಗ್ಗಿಸಿ ಮೇಯಾಕೆ ಶುರು ಮಾಡ್ತು ಅಂದ್ರೆ ಜಂತು ಬಂತು ಅನ್ನು" ಅನ್ನುತ್ತಾರೆ ಅತ್ತೆ. ಹುಟ್ಟಿನಿಂದ ಮೇಕೆ ಒಣಸೀಮೆಯ, ಎಲೆ ಕಿತ್ತು ತಿನ್ನುವ ಪ್ರಾಣಿ. ಕುರಿಯಷ್ಟು ಹುಳದ ಸಹವಾಸ ಅದಕ್ಕಿರಲಿಲ್ಲ, ಹಾಗಾಗಿ ತಡೆದುಕೊಳ್ಳುವ ಶಕ್ತಿಯೂ ಕುರಿಗಿಂತ ಕಡಿಮೆ.

ಹಾಗಾಗಿ ಮಳೆಗಾಲದಲ್ಲಿ ನಾವು ಮಾಡುವುದು ಇಷ್ಟು. ಬೆಳಗ್ಗೆ ಬೇಗ ರೊಪ್ಪದಿಂದ ಬಿಡುವುದಿಲ್ಲ. ಇಬ್ಬನಿ ಆರಿ ಹುಲ್ಲು ಒಣಗಬೇಕು, ಅಲ್ಲಿಯವರೆಗೆ ರೊಪ್ಪದೊಳಗೇ ಸೊಪ್ಪು. ಗೊಬ್ಬಳಿ ರೆಂಬೆ, ಸೀಬೆ, ಬಸರಿ, ಹಲಸು, ಹುಣಸೆ, ಯಾವುದು ಸಿಕ್ಕರೆ ಅದು, ಕಟ್ಟು ಕಟ್ಟಿ ಮೇಕೆಯ ತಲೆಗಿಂತ ತುಸು ಎತ್ತರಕ್ಕೆ ತೂಗುಹಾಕುತ್ತೇವೆ. ನೆಲಕ್ಕೆ ಹಾಕಿದರೆ ತುಳಿದು ಹಿಕ್ಕೆ ಮೆತ್ತಿಸುತ್ತವೆ, ಆಮೇಲೆ ಅದನ್ನೇ ತಿನ್ನುತ್ತವೆ. ಬಸರಿ ಮತ್ತು ಸೀಬೆ ಎಲೆಯನ್ನು ಕೂಡಿಸಿ ತಿನ್ನಿಸುವ ಬಗ್ಗೆ ಉತ್ತರ ಪ್ರದೇಶದ ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ನಡೆದಿದೆ. ನಮ್ಮ ತೋಟದ ಅಂಚಿನ ಸೀಬೆಗಿಡಗಳನ್ನು ಹಣ್ಣಿಗಿಂತ ಸೊಪ್ಪಿಗೇ ಕಾಪಾಡುವಂತಾಗಿದೆ ಈಗ. ಹಣ್ಣು ಹೇಗೂ ಗಿಳಿಗಳ ಪಾಲು.

ಒಗರೂ ಹೆಚ್ಚಾಗಬಾರದು. ಬರೀ ಗೊಬ್ಬಳಿಯನ್ನೇ ತುಂಬಿದರೆ ಮೇವು ಜೀರ್ಣವಾಗದೆ ಹಿಕ್ಕೆ ಕಲ್ಲಾಗುತ್ತದೆ, ಮೇಕೆ ಮೇವು ಬಿಡುತ್ತದೆ. ಅದಕ್ಕೇ ನಾಲ್ಕಾರು ಜಾತಿಯ ಸೊಪ್ಪು ಕಲೆಸಿ ಹಾಕುವುದು. ಮೇಕೆಗೆ ಆರಿಸಿಕೊಳ್ಳಲು ಬಿಟ್ಟರೆ ಅದೇ ಹದ ಮಾಡಿಕೊಳ್ಳುತ್ತದೆ, ಒಂದು ಎಲೆ ಇದರದ್ದು, ಎರಡು ಅದರದ್ದು. ಜೊತೆಗೆ ಕಡಲೆಕಾಯಿ ಬಳ್ಳಿ, ಹುರುಳಿ ಹೊಟ್ಟು, ಮರಿ ಹಾಕುವ ತಿಂಗಳಲ್ಲಿ ಒಂದು ಹಿಡಿ ಹಿಂಡಿ. ಮರಿ ಹಾಕುವ ಹೊತ್ತಿಗೆ ತಾಯಿಯ ತಡೆಶಕ್ತಿ ಕುಗ್ಗಿ ಹಿಕ್ಕೆಯಲ್ಲಿ ಮೊಟ್ಟೆ ಒಮ್ಮೆಲೇ ಏರುತ್ತದೆ. ಎಳೆಮರಿ ಆ ನೆಲದಲ್ಲೇ ಮೊದಲ ಹುಲ್ಲು ಕಚ್ಚುವುದು. ತಾಯಿಗೆ ಹಿಂಡಿ ಹಾಕಿದ ಖರ್ಚು ಮರಿಗೆ ಔಷಧಿ ಹಾಕುವ ಖರ್ಚಿಗಿಂತ ಕಡಿಮೆ ಅನ್ನುವುದು ಅತ್ತೆಯ ಲೆಕ್ಕ. ನಾನು ಬರೆದು ನೋಡಿದ್ದೇನೆ, ಅವರ ಲೆಕ್ಕ ಸರಿಯಾಗಿದೆ.

ಇಂಗ್ಲಿಷ್ ಔಷಧಿ ಬಗ್ಗೆ ಕೇಳುವವರಿದ್ದಾರೆ. ನಾನದರ ವಿರೋಧಿಯಲ್ಲ. ಕಣ್ಣು ಬಿಳಿಚಿದ, ದವಡೆ ಜೋತ ಮೇಕೆಗೆ ಸೊಪ್ಪು ಅರೆಯುತ್ತಾ ಕೂರಬೇಡಿ, ಅವತ್ತೇ ಪಶು ಆಸ್ಪತ್ರೆಗೆ ಹೋಗಿ. ನನ್ನ ತಕರಾರಿರುವುದು ಮೂರು ತಿಂಗಳಿಗೊಮ್ಮೆ ಇಡೀ ಮಂದೆಯನ್ನು ಸಾಲಾಗಿ ನಿಲ್ಲಿಸಿ ಎಲ್ಲಕ್ಕೂ ಒಂದೇ ಮುಚ್ಚಳ ಕುಡಿಸುವ ಪದ್ಧತಿಗೆ. ಥಯಾಬೆಂಡಜೋಲ್ ಎಂಬ ಔಷಧಿ 1961ರಲ್ಲಿ ಬಂದಾಗ ಜಂತಿನ ಕಥೆ ಮುಗಿಯಿತು ಅಂದುಕೊಂಡಿದ್ದರು. 1964ಕ್ಕೇ ಅದಕ್ಕೆ ಜಗ್ಗದ ಹುಳ ಕಾಣಿಸಿಕೊಂಡಿತು. ನಾವೀಗ ಬಳಸುವ ಆಲ್ಬೆಂಡಜೋಲ್ ಅದೇ ಮನೆತನದ್ದು. ಮಂದೆಯ ಬಹುಪಾಲು ಹುಳ ಕೆಲವೇ ಮೇಕೆಗಳ ಹೊಟ್ಟೆಯಲ್ಲಿರುತ್ತದೆ, ಉಳಿದವು ಗಟ್ಟಿಮುಟ್ಟಾಗಿರುತ್ತವೆ. ಕಣ್ಣು ನೋಡಿ ಬೇಕಾದವಕ್ಕೆ ಮಾತ್ರ ಕೊಟ್ಟರೆ, ಔಷಧಿ ಕಾಣದ ಹುಳಗಳೂ ಹೊಲದಲ್ಲಿ ಉಳಿದು, ಔಷಧಿಗೆ ಜಗ್ಗದ ಹುಳಗಳ ಸಂತಾನ ಬೆರಕೆಯಾಗುತ್ತದೆ. ಔಷಧಿ ಹೆಚ್ಚು ಕಾಲ ಬಾಳುತ್ತದೆ.

ಇನ್ನೊಂದು ಮಾತು ಡಬ್ಬಿಯ ಮೇಲಿನ ಪ್ರಮಾಣದ್ದು. ಅದು ಬಹಳ ಸಲ ಕುರಿಯ ಲೆಕ್ಕದ್ದು. ಮೇಕೆಯ ಯಕೃತ್ತು ಔಷಧಿಯನ್ನು ಕುರಿಗಿಂತ ಬೇಗ ಒಡೆದು ಹೊರಹಾಕುತ್ತದೆ, ಹಾಗಾಗಿ ಕುರಿಯ ಪ್ರಮಾಣ ಮೇಕೆಗೆ ಸಾಲದೆ ಹೋಗಬಹುದು. ಅರೆಬರೆ ಪ್ರಮಾಣದಲ್ಲಿ ಸಾಯದೆ ಉಳಿದ ಹುಳವೇ ಮುಂದಿನ ತಲೆಮಾರು ಹೆರುವುದು. ಹಾಗಂತ ನೀವೇ ಹೆಚ್ಚಿಸಬೇಡಿ, ಲೆವಮಿಸೋಲ್ ಹೆಚ್ಚಾದರೆ ಮೇಕೆ ಉಳಿಯುವುದಿಲ್ಲ. ಮೇಕೆ ತೂಗಿ, ತೂಕ ಬರೆದುಕೊಂಡು ಹೋಗಿ ವೈದ್ಯರನ್ನು ಕೇಳಿ. ಗಬ್ಬವಾಗಿ ಮೊದಲ ತಿಂಗಳಿನಲ್ಲಿದ್ದರೆ ಅದನ್ನೂ ಹೇಳಿ, ಆಲ್ಬೆಂಡಜೋಲ್ ಆಗ ಕೊಡಬಾರದು.

ಸೊಪ್ಪಿನದಾಗಲಿ ಅಂಗಡಿಯದಾಗಲಿ, ಕುಡಿಸುವ ರೀತಿ ಸರಿಯಿರಲಿ. ತಲೆಯನ್ನು ಆಕಾಶಕ್ಕೆ ಎತ್ತಿ ಗೊಟ್ಟ ತುರುಕಿ 'ಗಟಗಟ' ಹೊಯ್ದರೆ ಅರ್ಧ ಶ್ವಾಸಕೋಶಕ್ಕೆ ಹೋಗುತ್ತದೆ, ಮೂರು ದಿನಕ್ಕೆ ಮೇಕೆ ಗೂರುತ್ತಾ ಸಾಯುತ್ತದೆ, ನಾವು ಜಂತಿನ ಮೇಲೆ ಹಾಕುತ್ತೇವೆ. ಬಾಯಿ ಬೆನ್ನಿನ ಮಟ್ಟಕ್ಕಿಂತ ಹೆಚ್ಚು ಮೇಲೇಳದಿರಲಿ, ಕೆನ್ನೆಯ ಪಕ್ಕದಿಂದ ಸ್ವಲ್ಪ ಸ್ವಲ್ಪ ಬಿಡಿ, ನುಂಗಿದ ಮೇಲೆ ಮುಂದಿನ ಗುಟುಕು. ನಾವಂತೂ ಗೊಟ್ಟ ಬಿಟ್ಟು ಉಂಡೆಗೆ ಬಂದಿದ್ದು ಈ ಕಾರಣಕ್ಕೇ. ಬೆಲ್ಲ ಹಾಕಿದ ಉಂಡೆಯನ್ನು ಮೇಕೆ ಕೈಯಿಂದ ಕಿತ್ತುಕೊಂಡೇ ತಿನ್ನುತ್ತದೆ.

ಲಾಡಿಹುಳಕ್ಕೆ ಮುತ್ತುಗದ ಉಂಡೆಯನ್ನು ಅತ್ತೆ ಈಗಲೂ ಕಟ್ಟುತ್ತಾರೆ, ನಾನು ಬೇಡ ಅನ್ನುವುದಿಲ್ಲ. ಕಣ್ಣು ಕೆಂಪಗಿರುವ, ಮೇವು ತಿನ್ನುವ, ಗಬ್ಬವಿಲ್ಲದ ಮೇಕೆಗೆ ಆ ಉಂಡೆಯಿಂದ ಕೇಡಾದದ್ದನ್ನು ನಾನು ಕಂಡಿಲ್ಲ. ಫೋಟೊ ಕಳಿಸುವವರಿಗೂ ಅದನ್ನೇ ಹೇಳುತ್ತೇನೆ: ಬಿಳಿ ಚೂರು ಕಂಡಿತೆಂದು ಗಾಬರಿಯಾಗಬೇಡಿ, ಮೊದಲು ರೆಪ್ಪೆ ಎಳೆದು ಅದರ ಫೋಟೊ ಕಳಿಸಿ. ಇನ್ನು ಎರಡರಿಂದ ನಾಲ್ಕು ತಿಂಗಳ ಮರಿ ರಕ್ತ ಬೆರೆತ ಬೇದಿ ಹಾಕುತ್ತಿದ್ದರೆ ಅದು ಬಹುಮಟ್ಟಿಗೆ ಹುಳವೇ ಅಲ್ಲ, ಕಾಕ್ಸಿಡಿಯ ಎಂಬ ಏಕಕೋಶ ಜೀವಿ. ಜಂತಿನ ಯಾವ ಔಷಧಿಯೂ ಅದಕ್ಕೆ ನಾಟುವುದಿಲ್ಲ, ರೊಪ್ಪ ಒಣಗಿಸಿ, ಮರಿಯನ್ನು ವೈದ್ಯರಿಗೆ ತೋರಿಸಿ.

ಕೊನೆಗೆ ಕೆರೆ ಅಂಗಳದಲ್ಲಿ ಮೇಯಿಸುವವರಿಗೆ. ನಮ್ಮ ಕಡೆ ವರ್ಷಾನುಗಟ್ಟಲೆ ಒಣಗಿ ಬಿರಿದಿದ್ದ ಕೆಲವು ಕೆರೆಗಳಿಗೆ ಹೇಮಾವತಿ ನೀರು ಬರತೊಡಗಿದ ಮೇಲೆ ಅಂಚಿನಲ್ಲಿ ಸದಾ ಹಸಿ, ಸದಾ ಹಸಿರು, ಜೊತೆಗೆ ಬಸವನಹುಳು. ಯಕೃತ್ತಿನ ಚಪ್ಪಟೆಹುಳ ಬೆಳೆಯುವುದು ಆ ನೀರಿನ ಬಸವನಹುಳುವಿನ ಒಳಗೆ. ಅಲ್ಲಿಂದ ಹೊರಬಂದು ನೀರಂಚಿನ ಹುಲ್ಲಿಗೆ ಅಂಟುತ್ತದೆ. ಇದರಲ್ಲೂ ಕಣ್ಣು ಬಿಳಿಚುತ್ತದೆ, ಇದರಲ್ಲೂ ದವಡೆ ಜೋಲುತ್ತದೆ. ಇದಕ್ಕೆ ಸೊಪ್ಪಿನ ಔಷಧಿ ನನ್ನ ಬಳಿ ಇಲ್ಲ, ಅತ್ತೆಯ ಬಳಿಯೂ ಇಲ್ಲ. ಮೇಲೆ ಹೇಳಿದ ಉಪ್ಪುನೀರಿನ ಪರೀಕ್ಷೆಯಲ್ಲಿ ಇದರ ಮೊಟ್ಟೆ ತೇಲುವುದೂ ಇಲ್ಲ, ಭಾರವಾಗಿರುವುದರಿಂದ ತಳಕ್ಕಿಳಿಯುತ್ತದೆ. ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬರೆದು ಬರುತ್ತದೆ, ಮೇಕೆ ಮಾತ್ರ ಸೊರಗುತ್ತಲೇ ಇರುತ್ತದೆ. ಹಿಕ್ಕೆ ಕೊಡುವಾಗ "ಕೆರೆ ಅಂಗಳದಲ್ಲಿ ಮೇಯ್ದಿದೆ, ತಳದಲ್ಲಿ ಕೂತಿದ್ದನ್ನೂ ನೋಡಿ" ಅಂತ ಬಾಯಿಬಿಟ್ಟು ಹೇಳಿ.